ಚಂದ್ರಶಂಬೂಕ: ಹೆಸರು, ನೆಲೆ, ಹರಡಿಕೆ

ಪ್ರಾಣಿಗಳಿಗೆ ವಿಜ್ಞಾನಿಗಳು ಇಡುವ ಲ್ಯಾಟಿನ್ ಹೆಸರುಗಳು ವಿದ್ಯಾರ್ಥಿಗಳಿಗೆ ಬಾಯಿಪಾಠದ ಒಂದು ಹೊರೆಯಾಗಿ ತೋರುವುದು ಸಹಜ. ಆದರೆ ಹೆಸರನ್ನು ಬಿಡಿಸಿ ನೋಡಿದಾಗ ಪ್ರಾಣಿಯ ರೂಪ, ಅದನ್ನು ಮೊದಲು ಬಣ್ಣಿಸಿದವರ ಕಾಲ, ಅದು ದೊರೆತ ನಾಡು ಇವೆಲ್ಲ ಅದರೊಳಗೆ ಅಡಗಿರುವುದು ಕಾಣುತ್ತದೆ. ಒಮ್ಮೊಮ್ಮೆ ಹೆಸರಿನ ಚರಿತ್ರೆಯೇ ಪ್ರಾಣಿಯ ಚರಿತ್ರೆಗೆ ಬಾಗಿಲಾಗುತ್ತದೆ. ಚೀನ, ಕೊರಿಯ ಮತ್ತು ಜಪಾನುಗಳ ಕರಾವಳಿಯಲ್ಲಿ ವಾಸಿಸುವ ಒಂದು ಸಮುದ್ರಶಂಬೂಕವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಮಾತನ್ನು ಪರಿಶೀಲಿಸೋಣ. ಇದರ ಶಾಸ್ತ್ರೀಯ ನಾಮ ಲಗುಂಕ್ಯುಲ ಪುಲ್ಕೆಲ್ಲ. ಲ್ಯಾಟಿನ್ನಿನಲ್ಲಿ 'ಲಗುಂಕ್ಯುಲ' ಎಂದರೆ ಪುಟ್ಟ ಕುಪ್ಪಿ. 'ಪುಲ್ಕೆಲ್ಲ' ಎಂದರೆ ಚೆಲುವಾದುದು. ಈ ಚೆಲುವಾದ ಪುಟ್ಟ ಕುಪ್ಪಿಯು ಕಳೆದ ಶತಮಾನದ ಕೊನೆಯಲ್ಲಿ ಜಪಾನಿನ ಚಿಪ್ಪುಗಾರರ ಹೊಟ್ಟೆಯ ಮೇಲೆ ಹೊಡೆಯಿತು. ಅದು ಹೇಗೆಂಬುದೇ ಈ ಲೇಖನದ ವಿಷಯ.

ಕುಟುಂಬದ ಪರಿಚಯ

ಈ ಪ್ರಾಣಿಯು ಮೃದ್ವಂಗಿಗಳ ವಂಶಕ್ಕೆ ಸೇರಿದ್ದು. ನಮ್ಮ ತೋಟಗಳ ಬಸವನಹುಳುವಿನಂತೆ ಇದಕ್ಕೂ ಸುರುಳಿಯಾದ ಒಂದೇ ಚಿಪ್ಪು, ಅಗಲವಾದ ಒಂದೇ ಪಾದ. ಇದರ ಕುಟುಂಬಕ್ಕೆ ನ್ಯಾಟಿಸಿಡೀ ಎಂದು ಹೆಸರು. ಇಂದು ಜೀವಿಸಿರುವ ಪ್ರಭೇದಗಳೇ 250ಕ್ಕೂ ಹೆಚ್ಚು. ಚಿಪ್ಪು ಗುಂಡಗೆ, ನುಣುಪಾಗಿ, ಹೊಳೆಯುತ್ತಿರುತ್ತದೆ. ಅದರ ಬಾಯಿ ಅರ್ಧಚಂದ್ರಾಕಾರವಾಗಿರುತ್ತದೆ. ಆದುದರಿಂದಲೇ ಇಂಗ್ಲಿಷರು ಇವನ್ನು ಚಂದ್ರನ ಹೆಸರಿನಿಂದ ಕರೆದರು. ನಾವು ಚಂದ್ರಶಂಬೂಕ ಎನ್ನೋಣ. ಪ್ರಾಣಿಯು ಒಳಕ್ಕೆ ಸರಿದಾಗ ಬಾಯನ್ನು ಭದ್ರಪಡಿಸಲು ಪಾದದ ಹಿಂಭಾಗದಲ್ಲಿ ಒಂದು ಮುಚ್ಚಳವೂ ಉಂಟು.

ಸ್ವೀಡನ್ನಿನ ಲಿನೀಯಸನು 1758ರಲ್ಲಿ ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ಜಾರಿಗೆ ತಂದಾಗ, ತನಗೆ ತಿಳಿದಿದ್ದ ಚಂದ್ರಶಂಬೂಕಗಳನ್ನು ನೆರೈಟ ಎಂಬ ಕುಲದಲ್ಲಿ ಸೇರಿಸಿದನು. ಮೇಲುನೋಟಕ್ಕೆ ಎರಡೂ ಗುಂಡಗಿರುವುದೇ ಇದಕ್ಕೆ ಕಾರಣ. ಆದರೆ ನೆರೈಟಗಳು ಬಂಡೆಯ ಪಾಚಿಯನ್ನು ಕೆರೆದು ತಿನ್ನುವ ಸಾಧು ಪ್ರಾಣಿಗಳು, ಚಂದ್ರಶಂಬೂಕಗಳು ಬೇಟೆಗಾರರು. 1777ರಲ್ಲಿ ಸ್ಕೋಪೋಲಿ ಎಂಬ ವಿದ್ವಾಂಸನು ನ್ಯಾಟಿಕ ಎಂಬ ಪ್ರತ್ಯೇಕ ಕುಲವನ್ನು ರಚಿಸಿದನು. ಕುಟುಂಬದ ಹೆಸರು ಬಂದುದು ಅದರಿಂದಲೇ.

ಎರಡು ಹೆಸರು, ಒಂದು ಪ್ರಾಣಿ

ನಮ್ಮ ಪ್ರಭೇದದ ಕಥೆ ಪ್ರಾರಂಭವಾಗುವುದು ಒಂದು ಯುದ್ಧದಲ್ಲಿ. ಅಫೀಮಿನ ವ್ಯಾಪಾರದ ಸಲುವಾಗಿ ಬ್ರಿಟಿಷರು ಚೀನದ ಮೇಲೆ ನಡೆಸಿದ ಮೊದಲನೆಯ ಯುದ್ಧದಲ್ಲಿ, 1840ರಲ್ಲಿ, ಅವರ ಸೈನ್ಯವು ಶಾಂಘಾಯಿಗೆ ದಕ್ಷಿಣದಲ್ಲಿರುವ ಚೂಸಾನ್ ದ್ವೀಪವನ್ನು ಹಿಡಿಯಿತು. ಸೈನ್ಯದೊಡನೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಡೆನ್ಮಾರ್ಕಿನ ಥಿಯೊಡೋರ್ ಕ್ಯಾಂಟರ್ ಕೂಡ ಹೋಗಿದ್ದನು. ಅವನು ಅಲ್ಲಿಯ ಗಿಡಮರಗಳನ್ನೂ ಪ್ರಾಣಿಗಳನ್ನೂ ಕುರಿತು ಬರೆದ ಲೇಖನ 1842ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೃದ್ವಂಗಿಗಳ ಭಾಗವನ್ನು ಬರೆದವನು ವಿಲಿಯಂ ಹೆನ್ರಿ ಬೆನ್ಸನ್. ಇವನು ಭಾರತದಲ್ಲಿ ಕಂಪನಿಯ ಸಿವಿಲ್ ಅಧಿಕಾರಿ. ಬಿಡುವಿನ ವೇಳೆಯಲ್ಲಿ ಶಂಖಚಿಪ್ಪುಗಳ ಅಭ್ಯಾಸಿ. ಚೂಸಾನಿನ ಈ ಶಂಬೂಕಕ್ಕೆ ಲಗುಂಕ್ಯುಲ ಪುಲ್ಕೆಲ್ಲ ಎಂದು ನಾಮಕರಣ ಮಾಡಿದವನು ಅವನೇ.

1855ರಲ್ಲಿ ಲಂಡನ್ನಿನ ಲವೆಲ್ ರೀವ್ ಇದೇ ಪ್ರಾಣಿಗೆ ನ್ಯಾಟಿಕ ಫಾರ್ಚ್ಯೂನಿಯೈ ಎಂಬ ಇನ್ನೊಂದು ಹೆಸರನ್ನು ಕೊಟ್ಟನು. ಇಲ್ಲಿಯ ಎರಡನೆಯ ಪದವು ಫಾರ್ಚ್ಯೂನ್ ಎಂಬ ವ್ಯಕ್ತಿನಾಮಕ್ಕೆ ಲ್ಯಾಟಿನ್ನಿನ ಷಷ್ಠೀ ವಿಭಕ್ತಿ ಹತ್ತಿ ಆದುದು. 'ಫಾರ್ಚ್ಯೂನನ ನ್ಯಾಟಿಕ' ಎಂದು ಅರ್ಥ. ಮುಂದೆ ಪ್ರಾಣಿಯನ್ನು ನ್ಯಾಟಿಕ ಕುಲದಿಂದ ಯುಸ್ಪೈರ ಎಂಬ ಕುಲಕ್ಕೆ ವರ್ಗಾಯಿಸಿದ್ದರಿಂದ ಅದು ಯುಸ್ಪೈರ ಫಾರ್ಚ್ಯೂನಿಯೈ ಆಯಿತು. ಬಹುಕಾಲ ಪುಸ್ತಕಗಳಲ್ಲಿ ಬಳಕೆಯಲ್ಲಿದ್ದುದು ಈ ಹೆಸರೇ. ನ್ಯಾಟಿಸಿಡೀ ಕುಟುಂಬದ ವರ್ಗೀಕರಣವನ್ನು ಜಪಾನಿನ ತೊರಿಗೊಯೆ ಮತ್ತು ಇನಾಬಾ ಎಂಬವರು ಪುನಃ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಮೇಲೆ ಬೆನ್ಸನ್ನನ ಹೆಸರು ಮತ್ತೆ ಬಳಕೆಗೆ ಬಂದಿದೆ.

ಇದಕ್ಕೆ ಆಧಾರವಾದ ನಿಯಮ ಸರಳವಾದುದು. ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದಿದ್ದರೆ ಮೊದಲು ಪ್ರಕಟವಾದುದಕ್ಕೆ ಅಗ್ರಸ್ಥಾನ. 1842 ಎಂಬುದು 1855ಕ್ಕಿಂತ ಹಿಂದಿನದು. ಇನ್ನೊಂದು ಸೂಕ್ಷ್ಮವನ್ನೂ ವಿದ್ಯಾರ್ಥಿಗಳು ಗಮನಿಸಬೇಕು. ಹಳೆಯ ಹೆಸರನ್ನು ಬರೆಯುವಾಗ 'ಯುಸ್ಪೈರ ಫಾರ್ಚ್ಯೂನಿಯೈ (ರೀವ್, 1855)' ಎಂದು ಕಂಸದೊಳಗೆ ಕರ್ತೃವನ್ನು ಹಾಕುತ್ತಾರೆ. ಈಗಿನ ಹೆಸರನ್ನು 'ಲಗುಂಕ್ಯುಲ ಪುಲ್ಕೆಲ್ಲ ಬೆನ್ಸನ್, 1842' ಎಂದು ಕಂಸವಿಲ್ಲದೆಯೇ ಬರೆಯುತ್ತಾರೆ. ಕರ್ತೃವು ಮೊದಲು ಇಟ್ಟ ಕುಲದಲ್ಲಿಯೇ ಪ್ರಾಣಿಯು ಉಳಿದಿದ್ದರೆ ಕಂಸ ಬೇಡ; ಬೇರೆ ಕುಲಕ್ಕೆ ಹೋಗಿದ್ದರೆ ಕಂಸ ಬೇಕು. ಕೇವಲ ಎರಡು ಕಮಾನುಗೆರೆಗಳು ಇಷ್ಟು ಚರಿತ್ರೆಯನ್ನು ಹೇಳುತ್ತವೆ.

ಜಪಾನೀಯರು ಇದಕ್ಕೆ ತಮ್ಮ ಭಾಷೆಯಲ್ಲಿ ಸಾಕಿಗುರೊ ತಾಮತ್ಸುಮೆತಾ ಎನ್ನುತ್ತಾರೆ. ಸಾಕಿಗುರೊ ಎಂದರೆ ತುದಿ ಕಪ್ಪಾದುದು. ಬೂದು ಮಿಶ್ರಿತ ಕಂದು ಬಣ್ಣದ ಚಿಪ್ಪಿನ ತುದಿಯು ಕಪ್ಪಾಗಿರುವುದನ್ನು ಈ ಹೆಸರು ಸೂಚಿಸುತ್ತದೆ. ಪೂರ್ಣವಾಗಿ ಬೆಳೆದ ಚಿಪ್ಪು ಸುಮಾರು 5 ಸೆಂಟಿಮೀಟರ್ ಎತ್ತರವಿರಬಹುದು.

ಮರಳಿನೊಳಗಿನ ಬದುಕು

ನದಿಗಳು ಹೊತ್ತು ತರುವ ಮಣ್ಣು ಮರಳುಗಳು ನಿಂತು ಆದ ತೀರದ ಬಯಲುಗಳೇ ಈ ಪ್ರಾಣಿಯ ನೆಲೆ. ಇಳಿತದಲ್ಲಿ ಇವು ಬಯಲಾಗುತ್ತವೆ, ಉಬ್ಬರದಲ್ಲಿ ಮುಳುಗುತ್ತವೆ. ಚೀನದ ಬೋಹಾಯ್ ಸಮುದ್ರ, ಹಳದಿ ಸಮುದ್ರ, ಪೂರ್ವ ಚೀನ ಸಮುದ್ರಗಳ ತೀರ, ಕೊರಿಯದ ಪಶ್ಚಿಮ ತೀರ ಇವು ಇದರ ತವರು. ಜಪಾನಿನಲ್ಲಿ ಕ್ಯೂಶೂ ದ್ವೀಪದ ಅರಿಯಾಕೆ ಸಮುದ್ರವು ಇದರ ಹಳೆಯ ನೆಲೆಗಳಲ್ಲಿ ಒಂದು. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಸುಮಾರು 6 ಮೀಟರಿನಷ್ಟು ಏರಿಳಿಯುವುದುಂಟು. ಆದುದರಿಂದ ಕೆಸರು ಬಯಲು ಬಹು ವಿಶಾಲ. ಅಲ್ಲಿಯೂ ಈ ಶಂಬೂಕ ಅಪರೂಪದ್ದೆಂದೇ ಎಣಿಸಲಾಗಿತ್ತು.

ಚಂದ್ರಶಂಬೂಕವು ಮರಳನ್ನು ಸೀಳಿ ಸಾಗುವ ಬಗೆ ಭೌತಶಾಸ್ತ್ರದ ಒಂದು ಪಾಠವೇ ಸರಿ. ಅದರ ಪಾದದೊಳಗೆ ಸೂಕ್ಷ್ಮವಾದ ನಾಳಗಳಿವೆ. ಇವುಗಳಲ್ಲಿ ಸಮುದ್ರದ ನೀರನ್ನು ತುಂಬಿಕೊಂಡು ಪಾದವು ಉಬ್ಬುತ್ತದೆ. ಚಿಪ್ಪನ್ನೇ ಮರೆಮಾಡುವಷ್ಟು ದೊಡ್ಡದಾಗುತ್ತದೆ. ಎಲುಬಿಲ್ಲದ ಈ ಪಾದಕ್ಕೆ ಬಿರುಸನ್ನು ಕೊಡುವುದು ನೀರು. ಮುಚ್ಚಿದ ದ್ರವದ ಮೇಲೆ ಬಿದ್ದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹಂಚಿಹೋಗುತ್ತದೆಂಬ ಪಾಸ್ಕಲನ ನಿಯಮವನ್ನು ವಾಚಕರು ಬಲ್ಲರು. ಸ್ನಾಯುಗಳು ಒಂದು ಕಡೆ ಹಿಂಡಿದರೆ ಪಾದದ ಮುಂಭಾಗವು ನೇಗಿಲಿನ ಕುಳದಂತೆ ಮರಳೊಳಕ್ಕೆ ತೂರುತ್ತದೆ. ಅಲ್ಲಿ ಉಬ್ಬಿ ಲಂಗರಿನಂತೆ ಕಚ್ಚಿಕೊಂಡು ಚಿಪ್ಪನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಅಪಾಯ ತೋರಿದಾಗ ಈ ನೀರನ್ನೆಲ್ಲ ಹೊರಕ್ಕೆ ಚೆಲ್ಲದೆ ಪಾದವು ಚಿಪ್ಪಿನೊಳಗೆ ಹಿಡಿಸದು. ಮರಳಿನ ಕತ್ತಲಲ್ಲಿ ಕಣ್ಣಿನಿಂದ ಹೆಚ್ಚಿನ ಉಪಯೋಗವಿಲ್ಲ. ಬೇಟೆಯನ್ನು ಪತ್ತೆಮಾಡುವುದು ಮುಖ್ಯವಾಗಿ ನೀರಿನಲ್ಲಿ ಬರುವ ವಾಸನೆಯಿಂದ.

ಜೀವಂತ ಬೈರಿಗೆ

ಬೇಟೆಯೆಂದರೆ ಬಹುಪಾಲು ಕಪ್ಪೆಚಿಪ್ಪಿನ ಪ್ರಾಣಿಗಳು, ಅಂದರೆ ದಕ್ಷಿಣ ಕನ್ನಡದವರು ಮರುವಾಯಿ ಎನ್ನುವಂಥ ಎರಡು ಚಿಪ್ಪಿನ ಮೃದ್ವಂಗಿಗಳು. ಕಪ್ಪೆಚಿಪ್ಪು ತನ್ನ ಎರಡು ಕದಗಳನ್ನು ಬಿಗಿಯಾಗಿ ಮುಚ್ಚಿಕೊಂಡರೆ ತೆರೆಯುವುದು ಸುಲಭವಲ್ಲ. ಚಂದ್ರಶಂಬೂಕವು ಕದವನ್ನು ತೆರೆಯುವ ಗೋಜಿಗೇ ಹೋಗದೆ ಗೋಡೆಗೆ ಕನ್ನ ಹಾಕುತ್ತದೆ. ಬೇಟೆಯನ್ನು ಪಾದದಿಂದ ಸುತ್ತಿ ಹಿಡಿದು, ಸೊಂಡಿಲನ್ನು ಚಿಪ್ಪಿನ ಮೇಲೆ ಒತ್ತುತ್ತದೆ. ಸೊಂಡಿಲ ತುದಿಯಲ್ಲಿರುವ ಒಂದು ಗ್ರಂಥಿಯು ಆಮ್ಲಯುಕ್ತವಾದ ದ್ರವವನ್ನು ಸ್ರವಿಸಿ ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ಮೆದುಗೊಳಿಸುತ್ತದೆ. ಬಳಿಕ ಸಾಲುಸಾಲಾಗಿ ಹಲ್ಲುಗಳಿರುವ, ಅರದಂಥ ನಾಲಿಗೆ ಆ ಮೆತ್ತಗಾದ ಪದರವನ್ನು ಕೆರೆದು ತೆಗೆಯುತ್ತದೆ. ಮತ್ತೆ ಆಮ್ಲ, ಮತ್ತೆ ಅರ. ರಸಾಯನಕ್ರಿಯೆ ಮತ್ತು ಯಂತ್ರಕ್ರಿಯೆ ಹೀಗೆ ಸರದಿಯಂತೆ ನಡೆಯುತ್ತವೆ.

ಅಮೆರಿಕದ ಅಟ್ಲಾಂಟಿಕ್ ತೀರದ ಒಂದು ಚಂದ್ರಶಂಬೂಕದಲ್ಲಿ ಈ ಕೊರೆತದ ವೇಗವನ್ನು ಅಳೆದಿದ್ದಾರೆ: ಗಂಟೆಗೆ ಸುಮಾರು 0.02 ಮಿಲಿಮೀಟರ್. ಈ ಲೆಕ್ಕದಲ್ಲಿ 1 ಮಿಲಿಮೀಟರ್ ದಪ್ಪದ ಚಿಪ್ಪಿಗೆ 50 ಗಂಟೆ, ಅಂದರೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. ತೂತು ಬಿದ್ದ ಮೇಲೆ ಸೊಂಡಿಲು ಒಳಹೊಕ್ಕು ಮಾಂಸವನ್ನೆಲ್ಲ ತಿಂದುಬಿಡುತ್ತದೆ.

ತೂತಿನ ಆಕಾರವೇ ಕೊಲೆಗಾರನ ಗುರುತು. ತಿರುಪುಮೊಳೆಯ ತಲೆ ಹುದುಗಿ ಕೂರಲೆಂದು ಬಡಗಿಯು ತೂತಿನ ಬಾಯನ್ನು ಅಗಲಿಸುತ್ತಾನಷ್ಟೆ; ಚಂದ್ರಶಂಬೂಕದ ತೂತು ಹಾಗೆ ಹೊರಗಡೆ ಅಗಲವಾಗಿ ಒಳಗಡೆ ಕಿರಿದಾಗಿರುತ್ತದೆ. ಚಿಪ್ಪನ್ನು ಕೊರೆಯುವ ಇನ್ನೊಂದು ಕುಟುಂಬವಾದ ಮ್ಯೂರಿಸಿಡೀಗಳ ತೂತು ಸಾಮಾನ್ಯವಾಗಿ ನೇರ ಗೋಡೆಯದು. ಭೂಸ್ತರಗಳಲ್ಲಿ ಸಿಕ್ಕುವ ಪಳೆಯುಳಿಕೆ ಚಿಪ್ಪುಗಳಲ್ಲಿಯೂ ಇಂಥ ತೂತುಗಳಿವೆ. ಕೋಟ್ಯಂತರ ವರ್ಷಗಳ ಹಿಂದೆ ಯಾರು ಯಾರನ್ನು ತಿಂದರೆಂಬುದನ್ನು ನೂರಕ್ಕೆ ಇಷ್ಟು ಎಂದು ಎಣಿಸಲು ಅವು ಅವಕಾಶ ಕೊಡುತ್ತವೆ. ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಚಂದ್ರಶಂಬೂಕದ ಬೇರೆ ಪ್ರಭೇದಗಳುಂಟು. ಕಾರವಾರದಲ್ಲಾಗಲಿ ಮಲ್ಪೆಯಲ್ಲಾಗಲಿ ದಂಡೆಗೆ ಬಿದ್ದ ಕಪ್ಪೆಚಿಪ್ಪುಗಳನ್ನು ನೂರಾರು ಆಯ್ದು, ತೂತಿರುವವೆಷ್ಟು, ಅವುಗಳ ಬಾಯಿ ಯಾವ ಬಗೆಯದು ಎಂದು ವಿದ್ಯಾರ್ಥಿಗಳು ಪಟ್ಟಿ ಮಾಡಬಹುದು. ಇದಕ್ಕೆ ಒಂದು ಭೂತಗನ್ನಡಿ ಮತ್ತು ತಾಳ್ಮೆ ಸಾಕು.

ಮರಳಿನ ಕೊರಳಪಟ್ಟಿ

ಮೊಟ್ಟೆ ಇಡುವ ಕ್ರಮವೂ ವಿಲಕ್ಷಣವಾದುದು. ಹೆಣ್ಣು ಶಂಬೂಕವು ಲೋಳೆಯೊಡನೆ ಮೊಟ್ಟೆಗಳನ್ನು ಹೊರಡಿಸುತ್ತದೆ. ಮರಳಿನ ಕಣಗಳು ಅದರಲ್ಲಿ ಬೆರೆತು ಒಂದು ತೆಳುವಾದ ಹಾಳೆಯಾಗುತ್ತದೆ. ಹಾಳೆಯು ಗುಂಡಾದ ಚಿಪ್ಪನ್ನು ಬಳಸಿ ಹೊರಬರುವುದರಿಂದ ಬಾಗಿ ಬಳೆಯ ರೂಪವನ್ನು ತಾಳುತ್ತದೆ. ಇಳಿತದ ವೇಳೆ ಬಯಲಿನಲ್ಲಿ ಇವನ್ನು ಕಂಡವರಿಗೆ ಒಡೆದ ಮಡಕೆಗಳ ಕಂಠಗಳು ಬಿದ್ದಿವೆಯೋ ಎಂಬ ಭ್ರಾಂತಿಯಾಗುತ್ತದೆ.

ಚಂದ್ರಶಂಬೂಕದ ಅನೇಕ ಪ್ರಭೇದಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಯು ಕಣ್ಣಿಗೆ ಕಾಣದಷ್ಟು ಚಿಕ್ಕ ಡಿಂಭ. ಅದು ನೀರಿನಲ್ಲಿ ತೇಲುತ್ತ ಕೆಲವು ವಾರ ಕಳೆದು, ಬಳಿಕ ತಳಕ್ಕಿಳಿಯುತ್ತದೆ. ಲಗುಂಕ್ಯುಲ ಪುಲ್ಕೆಲ್ಲದಲ್ಲಿ ಈ ತೇಲುವ ಅವಸ್ಥೆಯೇ ಇಲ್ಲ. ಮರಿಯು ಕೊರಳಪಟ್ಟಿಯೊಳಗೇ ಬೆಳೆದು, ಪುಟ್ಟ ಚಿಪ್ಪು ಹೊತ್ತ ಶಂಬೂಕವಾಗಿಯೇ ಹೊರಬಂದು ಮರಳಿನ ಮೇಲೆ ತೆವಳತೊಡಗುತ್ತದೆ. ಚಿಕ್ಕದಾಗಿ ಕಾಣುವ ಈ ಸಂಗತಿಯೇ ಮುಂದಿನ ಕಥೆಗೆಲ್ಲ ಕೀಲಿಕೈ.

ದೂರದ ಲೆಕ್ಕ

ತೇಲುವ ಡಿಂಭವಿದ್ದರೆ ಪ್ರಾಣಿ ಎಷ್ಟು ದೂರ ಹರಡಬಲ್ಲುದು? ಸೆಕೆಂಡಿಗೆ 10 ಸೆಂಟಿಮೀಟರ್ ವೇಗದ ಒಂದು ಸಾಧಾರಣ ಪ್ರವಾಹವನ್ನು ಭಾವಿಸೋಣ. ದಿನಕ್ಕೆ 86,400 ಸೆಕೆಂಡುಗಳು. ಆದುದರಿಂದ ದಿನಕ್ಕೆ 8,640 ಮೀಟರ್. ಡಿಂಭವು 20 ದಿನ ತೇಲಿದರೆ ಸುಮಾರು 170 ಕಿಲೋಮೀಟರ್ ಸಾಗುತ್ತದೆ. ಒಂದೇ ತಲೆಮಾರಿನಲ್ಲಿ ಇಷ್ಟು.

ತೆವಳುವ ಮರಿಯ ಪಾಡು ಬೇರೆ. ಅದಕ್ಕೆ ಗೊತ್ತಾದ ದಿಕ್ಕಿಲ್ಲ. ಇಂದು ಪೂರ್ವಕ್ಕೆ, ನಾಳೆ ಉತ್ತರಕ್ಕೆ, ಮರುದಿನ ಬಂದ ದಾರಿಗೇ. ಹೀಗೆ ದಿಕ್ಕುಗೆಟ್ಟು ನಡೆಯುವವನು ಹೊರಟ ಸ್ಥಳದಿಂದ ಸರಾಸರಿ ಎಷ್ಟು ದೂರದಲ್ಲಿರುತ್ತಾನೆಂಬುದು ಹೆಜ್ಜೆಗಳ ಸಂಖ್ಯೆಗಲ್ಲ, ಅದರ ವರ್ಗಮೂಲಕ್ಕೆ ಅನುಪಾತವಾಗಿರುತ್ತದೆ. ಅನಿಲದ ಅಣುಗಳ ವಿಸರಣಕ್ಕೂ ಇದೇ ನಿಯಮ. ಶಂಬೂಕವು ದಿನಕ್ಕೆ 1 ಮೀಟರ್ ಸರಿಯುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 100 ದಿನಗಳಲ್ಲಿ ಅದು 10 ಮೀಟರ್ ದೂರದಲ್ಲಿರುತ್ತದೆ. 10,000 ದಿನಗಳಲ್ಲಿ, ಅಂದರೆ 27 ವರ್ಷಗಳಲ್ಲಿ, ಕೇವಲ 100 ಮೀಟರ್. ಅರಿಯಾಕೆ ಸಮುದ್ರದಿಂದ ಜಪಾನಿನ ಈಶಾನ್ಯಕ್ಕಿರುವ ಮಿಯಾಗಿ ಪ್ರಾಂತಕ್ಕೆ 1,000 ಕಿಲೋಮೀಟರಿಗೂ ಹೆಚ್ಚು. ಅದು 10 ಲಕ್ಷ ಮೀಟರ್. ಅದರ ವರ್ಗ ಒಂದು ಲಕ್ಷ ಕೋಟಿ. ಅಷ್ಟು ದಿನಗಳೆಂದರೆ ಸುಮಾರು 270 ಕೋಟಿ ವರ್ಷ! ಭೂಮಿಯ ವಯಸ್ಸೇ ಸುಮಾರು 450 ಕೋಟಿ ವರ್ಷ.

ನಿಜವಾದ ಕಡಲಿನಲ್ಲಿ ಬಿರುಗಾಳಿಯೂ ತೇಲುವ ಕಸಕಡ್ಡಿಯೂ ಒಮ್ಮೊಮ್ಮೆ ಶಂಬೂಕವನ್ನು ಹೊತ್ತೊಯ್ಯಬಹುದು. ಆದುದರಿಂದ ಈ ಅಂಕಿಯನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಆದರೂ ತಾತ್ಪರ್ಯ ಸ್ಪಷ್ಟ: ತೆವಳುವ ಮರಿಗಳುಳ್ಳ ಪ್ರಾಣಿಯು ಸಾವಿರ ಕಿಲೋಮೀಟರ್ ಆಚೆ ಹಠಾತ್ತನೆ ಕಾಣಿಸಿಕೊಂಡರೆ ಅದು ಸ್ವಂತ ಕಾಲಿನಿಂದ ಬಂದುದಲ್ಲ.

ಚಿಪ್ಪಿನ ಚೀಲದಲ್ಲಿ ಪ್ರಯಾಣ

1999ರಲ್ಲಿ ಮಿಯಾಗಿ ಪ್ರಾಂತದ ಮಾನ್ಗೊಕು-ಉರ ಎಂಬ ಒಳಕೊಲ್ಲಿಯಲ್ಲಿ ಅದು ಕಾಣಿಸಿಕೊಂಡಿತು. ಮುಂದಿನ ವರ್ಷಗಳಲ್ಲಿ ಮತ್ಸುಶಿಮ ಕೊಲ್ಲಿಯಲ್ಲಿ, ಫುಕುಶಿಮ ಪ್ರಾಂತದ ಮತ್ಸುಕಾವ-ಉರದಲ್ಲಿ ಅದರ ಸುಳಿವು ದೊರೆಯಿತು.

ಕಾರಣವನ್ನು ಊಟದ ತಟ್ಟೆಯಲ್ಲಿ ಹುಡುಕಬೇಕು. ಅಸಾರಿ ಎಂಬ ಕಪ್ಪೆಚಿಪ್ಪು ಜಪಾನೀಯರಿಗೆ ನಿತ್ಯದ ಆಹಾರ. 1980ರ ದಶಕದ ಮೊದಲಲ್ಲಿ ವರ್ಷಕ್ಕೆ ಸುಮಾರು 1,60,000 ಟನ್ನುಗಳವರೆಗೆ ದೊರೆಯುತ್ತಿದ್ದ ಅಸಾರಿ, ಶತಮಾನದ ಕೊನೆಯ ಹೊತ್ತಿಗೆ ಸುಮಾರು 40,000 ಟನ್ನಿಗೆ ಇಳಿಯಿತು. ಕೊರತೆಯನ್ನು ತುಂಬಲು ಚೀನದಿಂದಲೂ ಕೊರಿಯದಿಂದಲೂ ಜೀವಂತ ಅಸಾರಿಯನ್ನು ತರಿಸಿದರು. ಅದರಲ್ಲಿ ಒಂದಂಶವನ್ನು ಜಪಾನಿನ ಬಯಲುಗಳಲ್ಲಿ ಹರಡಿ ಬೆಳೆಸುವ ರೂಢಿಯಿತ್ತು. ಇಳಿತದ ವೇಳೆ ಕುಟುಂಬ ಸಮೇತರಾಗಿ ಬಂದು ಚಿಪ್ಪು ಹೆಕ್ಕುವವರಿಗಾಗಿಯೂ ಹರಡುತ್ತಿದ್ದರು. ಕೆಸರಿನಿಂದ ಬಾಚಿ ತುಂಬಿದ ಚೀಲದಲ್ಲಿ ಅಸಾರಿ ಮಾತ್ರವೇ ಇರುವುದೆಂದು ನಂಬುವುದು ಹೇಗೆ? ಬೇಟೆಯ ಜೊತೆಗೆ ಬೇಟೆಗಾರನೂ ಬಂದನು. ಆಮದಾದ ಅಸಾರಿಯೊಡನೆ ಈ ಶಂಬೂಕವೂ ಇತರ ಅನೇಕ ಪ್ರಾಣಿಗಳೂ ಬರುತ್ತಿರುವುದನ್ನು ಕೆಂಜಿ ಒಕೋಶಿ ಎಂಬ ವಿಜ್ಞಾನಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ.

ಇಲ್ಲಿ ಒಂದು ವಿಪರ್ಯಾಸವುಂಟು. ಮರಿಗಳು ತೇಲದಿರುವುದು ದೂರ ಹರಡಲು ಅಡ್ಡಿ. ಆದರೆ ಬಂದಲ್ಲಿ ಬೇರೂರಲು ಅದೇ ಅನುಕೂಲ. ತೇಲುವ ಡಿಂಭಗಳಾಗಿದ್ದರೆ ಬೆರಳೆಣಿಕೆಯ ವಲಸೆಗಾರರ ಸಂತಾನವು ವಿಶಾಲವಾದ ಕಡಲಿನಲ್ಲಿ ಚದರಿಹೋಗಿ, ಮುಂದೆ ಗಂಡಿಗೆ ಹೆಣ್ಣು ಸಿಕ್ಕುವುದೇ ಕಷ್ಟವಾಗುತ್ತಿತ್ತು. ತೆವಳುವ ಮರಿಗಳು ಹುಟ್ಟಿದ ಬಯಲಿನಲ್ಲಿಯೇ, ಆಹಾರದ ರಾಶಿಯ ನಡುವೆಯೇ ಉಳಿಯುತ್ತವೆ. ಹೀಗಾಗಿ ಚಿಪ್ಪುಗಾರರಿಗೆ ಮಾಂಸವಿಲ್ಲದ, ತೂತುಬಿದ್ದ ಖಾಲಿ ಚಿಪ್ಪುಗಳು ಸಿಗತೊಡಗಿದವು.

ರೋಗದ ಮೂಲದಲ್ಲಿಯೇ ಮದ್ದೂ ಇತ್ತು. ಶರತ್ಕಾಲದಲ್ಲಿ ಶಂಬೂಕವು ಇಡುವ ಕೊರಳಪಟ್ಟಿಗಳು ಇಳಿತದ ವೇಳೆ ಬರಿಗಣ್ಣಿಗೆ ಕಾಣುತ್ತವೆ. ಒಂದನ್ನು ಎತ್ತಿದರೆ ಅದರೊಳಗಿನ ಮರಿಗಳೆಲ್ಲ ಕೈಗೆ ಬಂದಂತೆಯೇ. ಯಾವುದೂ ನೀರಿನಲ್ಲಿ ತಪ್ಪಿಸಿಕೊಂಡು ಹೋಗಿರುವುದಿಲ್ಲ. ಆದುದರಿಂದ ಮೀನುಗಾರರು ಬಯಲಿಗಿಳಿದು ಶಂಬೂಕಗಳನ್ನೂ ಕೊರಳಪಟ್ಟಿಗಳನ್ನೂ ಆಯ್ದು ತೆಗೆಯುವ ಕ್ರಮವನ್ನು ಕೈಗೊಂಡರು. ಪ್ರಾಣಿಯ ಜೀವನಕ್ರಮವನ್ನು ತಿಳಿಯದೆ ಇಂಥ ಉಪಾಯ ಹೊಳೆಯುವುದಿಲ್ಲ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಗಳು ಈ ತೀರವನ್ನೆಲ್ಲ ಕಲಕಿ ಅಸಂಖ್ಯ ಜನರ ಬದುಕನ್ನು ನಾಶಮಾಡಿದವು. ಬಯಲುಗಳ ರೂಪವೇ ಬದಲಾಯಿತು. ಆದರೂ ಶಂಬೂಕವು ಅಲ್ಲಿಂದ ಅಳಿಯಲಿಲ್ಲ.

ಶತ್ರುವೇ?

ಇಷ್ಟರಿಂದ ಈ ಪ್ರಾಣಿಯನ್ನು ದುಷ್ಟನೆಂದು ತೀರ್ಮಾನಿಸುವುದು ಸರಿಯಲ್ಲ. ತವರಿನ ಕೆಸರು ಬಯಲಿನಲ್ಲಿ ಅದು ಯುಗಯುಗಗಳಿಂದ ಕಪ್ಪೆಚಿಪ್ಪುಗಳೊಡನೆ ಬಾಳಿದೆ. ಜಪಾನಿನೊಳಗೇ ಅರಿಯಾಕೆಯಲ್ಲಿ ಅದು ಉಳಿಸಿಕೊಳ್ಳಬೇಕಾದ ಅಪರೂಪದ ಜೀವಿ, ಮಿಯಾಗಿಯಲ್ಲಿ ಆಯ್ದು ಎಸೆಯಬೇಕಾದ ಪೀಡೆ. ಪ್ರಾಣಿ ಒಂದೇ, ಹೆಸರು ಒಂದೇ. ಭೇದವಿರುವುದು ಅದನ್ನು ಇಟ್ಟ ಸ್ಥಳದಲ್ಲಿ ಮಾತ್ರ.

ಚೂಸಾನಿನ ಶಂಬೂಕಕ್ಕೆ ಇಷ್ಟು ಮುದ್ದಾದ ಹೆಸರಿಟ್ಟ ಬೆನ್ಸನ್ನನ ಚರಿತ್ರೆಯಲ್ಲಿ ಇನ್ನೊಂದು ಪ್ರಸಂಗವಿದೆ. 1847ರಲ್ಲಿ ಅವನು ಮಾರಿಷಸ್ಸಿನಿಂದ ಕಲ್ಕತ್ತೆಗೆ ಬರುವಾಗ ಆಫ್ರಿಕದ ದೈತ್ಯ ಬಸವನಹುಳುಗಳನ್ನು ಜೀವಂತವಾಗಿ ತಂದನು. ಅವು ಅಲ್ಲಿಯ ತೋಟವೊಂದಕ್ಕೆ ಸೇರಿದವು. ಇಂದು ಆ ಹುಳು ಭಾರತದ ಅನೇಕ ರಾಜ್ಯಗಳಲ್ಲಿ ಹರಡಿದೆ. ಮಳೆಗಾಲದಲ್ಲಿ ಕರ್ನಾಟಕದ ತೋಟಗಳಲ್ಲಿಯೂ ಬೆಳೆಯನ್ನು ಮೇಯುತ್ತದೆ. ಪ್ರಾಣಿಗಳನ್ನು ಗುರುತಿಸಿ ಹೆಸರಿಡುವುದರಲ್ಲಿ ನಿಪುಣನಾದವನಿಗೂ ಅವುಗಳನ್ನು ನೆಲೆಯಿಂದ ಕದಲಿಸಿದರೆ ಏನಾದೀತೆಂಬುದು ಹೊಳೆಯಲಿಲ್ಲ. ಆ ಕಾಲದಲ್ಲಿ ಇಂಥ ವಿಚಾರವನ್ನು ಯಾರೂ ದೊಡ್ಡದೆಂದು ಭಾವಿಸಿರಲಿಲ್ಲ.

ಇಂದು ನಮಗೆ ಆ ಸಬೂಬಿಲ್ಲ. ಹಡಗು, ವಿಮಾನಗಳು ಜೀವಂತ ಸರಕನ್ನು ಖಂಡದಿಂದ ಖಂಡಕ್ಕೆ ದಿನಗಳಲ್ಲಿ ಸಾಗಿಸುತ್ತವೆ. ಪ್ರಕೃತಿಯು ಕೋಟಿ ಕೋಟಿ ವರ್ಷ ಕಾಯಬೇಕಾದ ದೂರವನ್ನು ಒಂದು ಚಿಪ್ಪಿನ ಚೀಲ ಒಂದು ವಾರದಲ್ಲಿ ದಾಟುತ್ತದೆ. ಆದುದರಿಂದ ಒಂದು ಪ್ರಾಣಿಯ ಹೆಸರನ್ನು ಕಲಿತವರು ಅಲ್ಲಿಗೇ ನಿಲ್ಲಬಾರದು. ಅದರ ನೆಲೆ ಯಾವುದು, ಅದರ ಮರಿ ತೇಲುವುದೋ ತೆವಳುವುದೋ, ಅದು ಏನನ್ನು ತಿನ್ನುತ್ತದೆ, ಅದನ್ನು ತಿನ್ನುವವರು ಯಾರು ಎಂಬ ನಾಲ್ಕು ಪ್ರಶ್ನೆಗಳನ್ನೂ ಕೇಳಿ ಉತ್ತರ ಪಡೆದ ಮೇಲೆಯೇ ಒಂದು ಜೀವಿಯನ್ನು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಒಯ್ಯುವ ಮಾತನ್ನು ಎತ್ತಬೇಕು.